ಒಂದು ತಾಸಿನ ದುಡಿಮೆಗೆ ಇಡೀ ದಿನದ ಕೂಲಿ

ಅಯ್ಯನವರೇ, ನಮ್ಮದು ಕಾರ್ಖಾನೆಯ ಊರು. ಅಪ್ಪ ಕಾರ್ಮಿಕ ಸಂಘದಲ್ಲಿದ್ದವರು. ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮ್ಯ ಓದಿದಾಗಲೆಲ್ಲ, ‘ಬೆಳಗಿನಿಂದ ಬೆವರು ಸುರಿಸಿದವನಿಗೂ ಸಂಜೆ ಬಂದವನಿಗೂ ಒಂದೇ ಕೂಲಿಯೆಂದರೆ ಯಾವ ನ್ಯಾಯ?’ ಎನ್ನುತ್ತಾರೆ. ಏನು ಹೇಳಲಿ?
– ಓದುಗರು, ಪೇಪರ್ ಟೌನ್, ಭದ್ರಾವತಿ

ನಿಮ್ಮ ತಂದೆಯವರ ಸಿಟ್ಟು ನ್ಯಾಯವಾದದ್ದು. 1923ರಿಂದ ಕಬ್ಬಿಣ ಕರಗಿಸಿದ ಊರಿನವರಿಗೆ ಕೂಲಿಯ ಲೆಕ್ಕವನ್ನು ಯಾರೂ ಕಲಿಸಬೇಕಿಲ್ಲ. ಕಥೆಯೊಳಗೂ ಬೆಳಗಿನ ಆಳುಗಳು ಗೊಣಗುತ್ತಾರೆ. ಯೇಸು ಅದನ್ನು ಮುಚ್ಚಿಡುವುದಿಲ್ಲ.

ಆದರೆ ಓದನ್ನು ಮತ್ತಾಯ 20ರಿಂದ ಶುರುಮಾಡಬೇಡಿ. ಅಧ್ಯಾಯಗಳ ಈಗಿನ ವಿಂಗಡಣೆ 13ನೇ ಶತಮಾನದ್ದು. ಎಲ್ಲವನ್ನೂ ಬಿಟ್ಟು ಬಂದೆವಲ್ಲ, ನಮಗೇನು ಸಿಗುತ್ತದೆ ಎಂದು 19ರ ಕೊನೆಯಲ್ಲಿ ಪೇತ್ರ ಕೇಳುತ್ತಾನೆ. ಮೊದಲು ಬಂದವರ ಆ ಲೆಕ್ಕಾಚಾರಕ್ಕೆ ಕೊಟ್ಟ ಉತ್ತರ ಈ ಕಥೆ.

ಇನ್ನು ಸಂಜೆ ಐದರ ಆಳುಗಳು. ಅವರು ಸೋಮಾರಿಗಳೆಂದು ಕೆಲವು ಪ್ರಸಂಗಗಳಲ್ಲಿ ಕೇಳಿದ್ದೇನೆ, ವಾಕ್ಯದಲ್ಲಿ ಹಾಗಿಲ್ಲ. ಯಾರೂ ನಮ್ಮನ್ನು ಕೆಲಸಕ್ಕೆ ಕರೆಯಲಿಲ್ಲ ಎಂದೇ ಅವರು ಹೇಳುವುದು. ಮೇಸ್ತ್ರಿ ತೋಳಿನ ಕಸುವು ನೋಡಿ ಆಳು ಆರಿಸುವುದನ್ನು ಕಂಡವರಿಗೆ ಗೊತ್ತು: ಕೊನೆಗೆ ಉಳಿಯುವವರು ವಯಸ್ಸಾದವರು, ಕೈಲಾಗದವರು, ಊರಿಗೆ ಹೊಸಬರು. ಒಂದು ದೆನಾರಿಯಸ್ ಎಂದರೆ ಆ ಕಾಲದ ಒಂದು ದಿನದ ಕೂಲಿ, ಮನೆಮಂದಿಯ ಅಂದಿನ ಊಟ. ಹನ್ನೆರಡರಲ್ಲಿ ಒಂದು ಪಾಲು ಕೊಟ್ಟಿದ್ದರೆ ಲೆಕ್ಕ ಸರಿಯಾಗುತ್ತಿತ್ತು, ಮಕ್ಕಳು ಉಪವಾಸ ಮಲಗುತ್ತಿದ್ದರು. ಬಡವನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕೆಂಬ ಧರ್ಮೋಪದೇಶಕಾಂಡ 24ರ ಆಜ್ಞೆಯನ್ನೂ ಈ ಯಜಮಾನ ಪಾಲಿಸಿದ. ಒಪ್ಪಿದ್ದಕ್ಕಿಂತ ಕಡಿಮೆ ಯಾರಿಗೂ ಕೊಡಲಿಲ್ಲ.

ಹಾಗಾಗಿ ಗುತ್ತಿಗೆದಾರ ಕೂಲಿ ಮುರಿದುಕೊಂಡಾಗ ಸುಮ್ಮನಿರಿ ಎನ್ನುವುದಕ್ಕೆ ಯಾರಾದರೂ ಈ ಸಾಮ್ಯವನ್ನು ಎತ್ತಿದರೆ ಒಪ್ಪಬೇಡಿ. ಅಪ್ಪನೊಂದಿಗೆ ಕೂತು ಯಾಕೋಬನ ಪತ್ರಿಕೆಯ 5ನೇ ಅಧ್ಯಾಯವನ್ನೂ ಓದಿ. ತಡೆಹಿಡಿದ ಕೂಲಿ ಅಲ್ಲಿ ತಾನೇ ಕೂಗಿಕೊಳ್ಳುತ್ತದೆ.

ನಾವು ಕಥೋಲಿಕರು, ಪಕ್ಕದ ಮನೆಯವರು ಸಿಎಸ್‌ಐ. ನಮ್ಮ ಶ್ರೀಗ್ರಂಥ, ಅವರ ಸತ್ಯವೇದ ಇಟ್ಟುಕೊಂಡು ಒಟ್ಟಿಗೆ ಓದಬಹುದೇ?
– ಓದುಗರು, ಗೋಪಾಳ, ಶಿವಮೊಗ್ಗ

ಧಾರಾಳವಾಗಿ ಓದಿ. ಹಳೆಯ ಒಡಂಬಡಿಕೆಯಲ್ಲಿ ನಿಮ್ಮದು 46 ಪುಸ್ತಕ, ಅವರದು 39. ಹೊಸ ಒಡಂಬಡಿಕೆ ಇಬ್ಬರಿಗೂ 27, ಯೇಸು ಹೇಳಿದ ಕಥೆಗಳೆಲ್ಲ ಅದರಲ್ಲೇ ಇವೆ.

ಸಂಡೇ ಸ್ಕೂಲ್ ಮಕ್ಕಳಿಗೆ ಒಳ್ಳೆಯ ಸಮಾರ್ಯದವನ ಕಥೆ ಬಾಯಿಪಾಠ. ಮತ್ತೆ ಹೇಗೆ ಕಲಿಸಲಿ?
– ಶಿಕ್ಷಕಿ, ಶಿವಮೊಗ್ಗ

ಮೊದಲು ದಾರಿ ತೋರಿಸಿ. ಯೆರೂಸಲೇಮಿನಿಂದ ಯೆರಿಕೋವಿಗೆ ಸುಮಾರು ಸಾವಿರ ಮೀಟರ್ ಇಳಿಜಾರು, ಬೋಳುಗುಡ್ಡ, ಬಂಡೆಗಳ ಮರೆ. ಆಮೇಲೆ ಹಗೆಯ ಕಥೆ ಹೇಳಿ. ಗೆರಿಜೀಮ್ ಬೆಟ್ಟದಲ್ಲಿದ್ದ ಸಮಾರ್ಯದವರ ದೇವಾಲಯವನ್ನು ಯೆಹೂದ್ಯರ ದೊರೆ ಯೋಹಾನ ಹಿರ್ಕಾನ ಕ್ರಿ.ಪೂ. ಎರಡನೇ ಶತಮಾನದಲ್ಲಿ ಕೆಡವಿಸಿದ್ದ. ಯೇಸುವಿನ ಕಾಲಕ್ಕೂ ಆ ಹಗೆ ಆರಿರಲಿಲ್ಲ. ಪ್ರಶ್ನೆ ಕೇಳಿದ ಧರ್ಮೋಪದೇಶಕನ ಬಾಯಿಂದ ಕೊನೆಯಲ್ಲೂ ‘ಸಮಾರ್ಯದವನು’ ಎಂಬ ಮಾತು ಹೊರಡುವುದಿಲ್ಲ, ದಯೆ ತೋರಿಸಿದವನು ಎಂದಷ್ಟೇ ಹೇಳಿ ಜಾರಿಕೊಳ್ಳುತ್ತಾನೆ. ಮಕ್ಕಳು ಇದನ್ನು ಲೂಕ 10ರಲ್ಲಿ ತಾವೇ ಹುಡುಕಲಿ.

ಕೊನೆಗೆ ಒಂದೊಂದು ಚೀಟಿ ಕೊಡಿ. ಗಾಯಗೊಂಡು ಬಿದ್ದಾಗ ಯಾರು ಬಂದು ಕೈಹಿಡಿದರೆ ನಮ್ಮ ಮನೆಯವರು ಹಿಂಜರಿದಾರು ಎಂದು ಬರೆಯಲಿ. ಆ ಚೀಟಿಗಳನ್ನು ಗಟ್ಟಿಯಾಗಿ ಓದಬೇಡಿ. ಆ ಜಾತಿಯ, ಆ ಕೇರಿಯ ಮಗು ನಿಮ್ಮ ತರಗತಿಯಲ್ಲೇ ಕೂತಿರಬಹುದು.