ಹಸು ಕಟ್ಟಿದರೆ ಸಹಾಯಧನ ನಿಲ್ಲುವುದೇ?

ಎರಡು ಹಸು ಕಟ್ಟಿದರೆ ಪಿಎಂ ಕಿಸಾನ್ ಹಣ ನಿಂತುಹೋಗುವುದೆಂದು ಅಂಜಿ ಉಪಕಸುಬಿಗೆ ಕೈಹಾಕದವರು ನಮ್ಮಲ್ಲಿದ್ದಾರೆ. ಈ ಅಂಜಿಕೆಗೆ ಆಧಾರವಿಲ್ಲ. 2019ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ ಮೂರು ಕಂತುಗಳಲ್ಲಿ ಬರುತ್ತದೆ. ಆದಾಯ ಹೆಚ್ಚಿದಂತೆ ಈ ಮೊತ್ತ ಇಳಿಯುವುದಿಲ್ಲ. ಆದರೆ ಕುಟುಂಬದವರು ಹಿಂದಿನ ಕರನಿರ್ಧರಣಾ ವರ್ಷದಲ್ಲಿ ಆದಾಯ ತೆರಿಗೆ ಕಟ್ಟಿದ್ದರೆ ಪೂರ್ತಿ ನಿಲ್ಲುತ್ತದೆ. ಅನರ್ಹರಾಗಿ ಪಡೆದದ್ದನ್ನು ಹಿಂದಿರುಗಿಸಬೇಕಾಗುತ್ತದೆ. ಕುಟುಂಬವೆಂದರೆ ಇಲ್ಲಿ ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಪ್ರಾಯದ ಮಗ ತೆರಿಗೆ ಕಟ್ಟಿದರೆ ನಿಮಗೆ ಬಾಧಕವಿಲ್ಲ.

ಬೆಳೆಯ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯಿಲ್ಲ. ಹಾಲು, ಕೋಳಿಗಳ ಆದಾಯ ಮಾತ್ರ ಕಾನೂನಿನ ಕಣ್ಣಿಗೆ ಕೃಷಿ ಆದಾಯವಲ್ಲ. ಹಾಗೆಂದು ಡೇರಿಯ ಬಟವಾಡೆಯೆಲ್ಲ ಲಾಭವಲ್ಲ. ಹಿಂಡಿ, ಮೇವು, ಔಷಧಿ, ಸಾಲದ ಬಡ್ಡಿ ಕಳೆದು ಉಳಿದದ್ದೇ ಆದಾಯ. ಎರಡು ಹಸುಗಳಿಂದ ಅದು ತೆರಿಗೆಯ ಮಿತಿ ಮುಟ್ಟುವುದು ದೂರದ ಮಾತು.

ಪಡಿತರ ಚೀಟಿಯ ಅಳತೆಗೋಲು ಬೇರೆ. ಕರ್ನಾಟಕದಲ್ಲಿ ಬಿಪಿಎಲ್ ಚೀಟಿಗೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರಬಾರದು. ನಿಜವಾಗಿ ಎಚ್ಚರ ಬೇಕಾದದ್ದು ಇಲ್ಲಿ. 2023ರಲ್ಲಿ ಬಂದ ಗೃಹಲಕ್ಷ್ಮಿಗೆ ಯಜಮಾನಿಯಾಗಲಿ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರೂ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರೂ ಆಗಿರಬಾರದು. ಪೈಪು, ಮೋಟಾರಿನ ಅಂಗಡಿ ತೆರೆದು ಜಿಎಸ್‌ಟಿ ನೋಂದಣಿ ಮಾಡಿಸುವ ಮುನ್ನ ಮನೆಯಾಕೆಗೆ ತಿಂಗಳಿಗೆ ಬರುವ 2,000 ರೂಪಾಯಿಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಬಟವಾಡೆ ಚೀಟಿ, ಹಿಂಡಿಯ ರಸೀದಿಗಳನ್ನು ಒಂದೇ ಪುಸ್ತಕಕ್ಕೆ ಅಂಟಿಸಿಡಿರಿ. ಆದಾಯ ಕೇಳಿದಾಗ ತೋರಿಸಲು ಅದೇ ನಿಮ್ಮ ದಾಖಲೆ.