ಗಡಿಯಾರದ ಮುಂದೆ ಚಿತ್ರಲೇಖನ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಪ್ರಾಥಮಿಕ ಪಾಠಶಾಲೆಯ ಮಕ್ಕಳನ್ನು ಚಿತ್ರಸ್ಪರ್ಧೆಗಳಿಗೆ ಕರೆದುಕೊಂಡು ಬರುವ ತಾಯಂದಿರಲ್ಲಿ ನಮ್ಮ ಪೂರ್ವವಿದ್ಯಾರ್ಥಿನಿಯರು ಅನೇಕರಿರುವರು. ಅಲ್ಲಿ ಕಾಲವನ್ನು ಗೊತ್ತುಮಾಡುವುದೇಕೆ, ಅದಕ್ಕೆ ಮಗುವನ್ನು ಸಿದ್ಧಪಡಿಸುವುದು ಹೇಗೆ ಎಂಬ ವಿಷಯವಾಗಿ ಅವರಿಗೆ ಕೆಲವು ಮಾತುಗಳನ್ನು ಹೇಳಬೇಕೆಂದಿರುವೆನು.

ವ್ಯಂಗ್ಯಚಿತ್ರಕಾರರಾದ ಕೆ. ಶಂಕರ ಪಿಳ್ಳೆಯವರು 1949ರಲ್ಲಿ ದೆಹಲಿಯಲ್ಲಿ ಮಕ್ಕಳ ಸ್ಪರ್ಧೆಯೊಂದನ್ನು ಆರಂಭಿಸಿದರು. ಮಕ್ಕಳು ಒಂದೆಡೆ ಕುಳಿತು ಸ್ಥಳದಲ್ಲಿಯೇ ಬರೆಯುವ ಸ್ಪರ್ಧೆಯು 1952ರಲ್ಲಿ ಅದರೊಡನೆ ಸೇರಿತು. ಮನೆಯಿಂದ ಬಂದ ಚಿತ್ರದಲ್ಲಿ ಹಿರಿಯರ ಕೈ ಎಷ್ಟು ಎಂದು ಯಾರು ಹೇಳಬಲ್ಲರು? ಕಣ್ಣೆದುರಿನಲ್ಲಿ, ಗೊತ್ತಾದ ಹೊತ್ತಿನೊಳಗೆ ಬರೆದುದು ಮಗುವಿನದೇ. ಕಾಲದ ಮಿತಿಯ ಮುಖ್ಯ ಪ್ರಯೋಜನವಿದು. ಆದರೆ ಒಂದೇ ಚಿತ್ರವನ್ನು ಮನೆಯಲ್ಲಿ ಇಪ್ಪತ್ತು ಬಾರಿ ತಿದ್ದಿಸಿ ಕಳುಹಿಸಿದರೆ ಆ ಪ್ರಯೋಜನವು ನಷ್ಟವಾಗುವುದು.

ಆ ಚಿತ್ರವು ಯಾವುದೆಂದು ಎಲ್ಲರೂ ಬಲ್ಲರು: ಎರಡು ಮುಕ್ಕೋನ ಬೆಟ್ಟಗಳು, ನಡುವೆ ಸೂರ್ಯ, ಕೆಳಗೊಂದು ನದಿ, ಗುಡಿಸಲು, ತೆಂಗಿನ ಮರ. ಹೊಸದುರ್ಗದ ಮಗುವು ತೆಂಗನ್ನು ಬರೆದರೆ ನ್ಯಾಯವೇ. ಅದು ತೆಂಗಿನ ಸೀಮೆ. ದುರ್ಗದ ಮಗುವಿಗೆ ಮುಕ್ಕೋನ ಬೆಟ್ಟವೆಲ್ಲಿಂದ ಬಂದಿತು? ನಮ್ಮ ಬೆಟ್ಟಗಳು ಗುಂಡುಬಂಡೆಗಳನ್ನು ಒಂದರ ಮೇಲೊಂದು ಒಟ್ಟಿದಂತಿವೆ; ಸಂಜೆಯ ಬಿಸಿಲಿನಲ್ಲಿ ಕೆಂಪಾಗುತ್ತವೆ; ಅವುಗಳ ನೆತ್ತಿಯಲ್ಲಿ ಈಗ ಗಾಳಿಯಂತ್ರಗಳು ತಿರುಗುತ್ತಿವೆ. ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರವು 1907ರಲ್ಲಿ ಪೂರ್ಣವಾಯಿತು. 1933ರ ತರುವಾಯ ಅದು ಕೋಡಿ ಬಿದ್ದುದು 2022ರಲ್ಲಿ. ಅಜ್ಜಂದಿರೂ ಕಾಣದ ಆ ನೀರನ್ನು ಕಂಡ ಹಿರಿಯೂರಿನ ಮಗುವಿಗೆ ಬೇರೆ ನದಿಯೇಕೆ? ಹೊಳಲ್ಕೆರೆಯ ಬಯಲು ಗಣಪತಿಯ ಬೆನ್ನಿನ ಮೇಲೆ ಜಡೆಯಿರುವುದು ಮುಂದೆ ಮಾತ್ರ ನಿಂತು ನೋಡಿದವರಿಗೆ ತಿಳಿಯದು. ಸುತ್ತಿ ನೋಡುವ ಅಭ್ಯಾಸವೇ ಚಿತ್ರದ ಮೊದಲ ಪಾಠ.

ಒಂದು ಗಂಟೆಯ ಸ್ಪರ್ಧೆಯಾದರೆ ಮೊದಲ ಐದು ನಿಮಿಷ ಸೀಸದ ಕಡ್ಡಿಯನ್ನು ಮುಟ್ಟದೆ ಆಲೋಚಿಸಲಿ. ಮಕ್ಕಳು ಸಾಮಾನ್ಯವಾಗಿ ಒಂದು ಮೂಲೆಯಲ್ಲಿ ಗೊಂಬೆಯ ಕಣ್ಣು, ಗುಂಡಿಗಳನ್ನು ತಿದ್ದುತ್ತ ಅರ್ಧ ಹೊತ್ತನ್ನು ಕಳೆಯುವರು. ದೊಡ್ಡ ಆಕಾರಗಳನ್ನು ಕಾಗದದ ತುಂಬ ಮೊದಲು ಬರೆದಿಟ್ಟರೆ, ಗಂಟೆ ಬಾರಿಸಿದಾಗ ಚಿತ್ರವು ಅಪೂರ್ಣವಾಗಿದ್ದರೂ ಚಿತ್ರವೆನಿಸುವುದು. ನೀರುಬಣ್ಣದಲ್ಲಿ ತಿಳಿಬಣ್ಣ ಮೊದಲು, ಗಾಢಬಣ್ಣ ಆಮೇಲೆ. ಬಿಳಿ ಬೇಕಾದಲ್ಲಿ ಕಾಗದವನ್ನೇ ಬಿಡಬೇಕು. ಹಸಿಯ ಮೇಲೆ ಇನ್ನೊಂದು ಬಣ್ಣವಿಟ್ಟರೆ ಕೆಸರಾಗುವುದು. ಬೇಸಗೆಯ ಒಣಗಾಳಿಯಲ್ಲಿ ಬಣ್ಣವು ಬೇಗ ಆರುತ್ತದೆ, ಮೋಡದ ದಿನ ತಡ. ಒಂದು ಕಡೆ ಆರುವವರೆಗೆ ಇನ್ನೊಂದು ಕಡೆ ಕೆಲಸ ಸಾಗಲಿ. ಮೇಣದ ಬಳಪದಿಂದ ಮೊದಲು ಗೆರೆಯೆಳೆದರೆ ನೀರುಬಣ್ಣವು ಅದರ ಮೇಲೆ ನಿಲ್ಲದು. ಮಳೆಯನ್ನೂ ನಕ್ಷತ್ರಗಳನ್ನೂ ಹೀಗೆ ಸುಲಭವಾಗಿ ಬರೆಯಬಹುದು.

ಮನೆಯಲ್ಲಿ ವಾರಕ್ಕೊಮ್ಮೆ ತಂಬಿಗೆಯನ್ನೋ ನಿದ್ರಿಸುವ ಬೆಕ್ಕನ್ನೋ ಹತ್ತು ನಿಮಿಷಗಳಲ್ಲಿ ಬರೆಯಿಸಿರಿ. ಒರೆಸುವ ರಬ್ಬರನ್ನು ಕೊಡಬೇಡಿರಿ. ಕುಂಚವನ್ನು ನೀವು ಕೈಗೆತ್ತಿಕೊಳ್ಳಲೇಬೇಡಿರಿ.

ತೀರ್ಪುಗಾರರಾಗುವ ಉಪಾಧ್ಯಾಯಿನಿಯರಿಗೂ ಒಂದು ವಿಜ್ಞಾಪನೆ. ಬಹಳ ಹೊತ್ತು ನೋಡಿ ಅರ್ಧವನ್ನಷ್ಟೇ ಬರೆದ ಹುಡುಗಿಯನ್ನು, ಮೂಲೆಮೂಲೆಗೂ ಬಣ್ಣ ತುಂಬಿದವಳ ಕೆಳಗೆ ಕೂಡಲೇ ಇಡಬಾರದು. ಆರೇಳು ವರ್ಷದವರಲ್ಲಿ ಮೊದಲನೆಯ, ಎರಡನೆಯ ಸ್ಥಾನಗಳನ್ನು ಎಣಿಸುವುದೇ ನನಗೆ ಒಪ್ಪದು. ಎಲ್ಲರ ಚಿತ್ರಗಳನ್ನೂ ಗೋಡೆಗೆ ತೂಗಹಾಕಿದರೆ ಸಾಕು.

ಸ್ಪರ್ಧೆಯ ದಿನ ಎರಡು ಬಟ್ಟಲು ನೀರು, ಒಂದು ಹಳೆಯ ಬಟ್ಟೆಯ ತುಂಡು ಜೊತೆಯಲ್ಲಿರಲಿ. ಮಗುವಿನ ಹೆಸರನ್ನು ಕಾಗದದ ಹಿಂಬದಿಯಲ್ಲಿ ಮೊದಲೇ ಬರೆಯಿಸಿರಿ. ಕಡೆಯಲ್ಲಿ ಬರೆಯಹೋದರೆ ಹಸಿಬಣ್ಣವೆಲ್ಲ ಮೇಜಿಗೆ ಅಂಟಿಕೊಳ್ಳುವುದು.