ಅಟ್ಟದ ಬಂದೂಕಿಗೆ ಬೆಲೆ ಕಟ್ಟುವ ಮೊದಲು

ಅಳಿಯಾ, ಗುಬ್ಬಿ ಮನೆಯ ಅಟ್ಟ ಖಾಲಿ ಮಾಡುವಾಗ ಗೋಣಿತಾಟಿನಲ್ಲಿ ಸುತ್ತಿದ್ದ ನಿಮ್ಮ ತಾತನ ಬಂದೂಕು ಸಿಕ್ಕಿತಂತೆ. ತುಮಕೂರಿನ ಯಾರೋ ದಲ್ಲಾಳಿ ಬಂದು ನೋಡಿ, 'ಮಿಲಿಟರಿ ಮಾಲು, ಲಕ್ಷಕ್ಕೆ ಕಮ್ಮಿ ಬಿಡಬೇಡಿ' ಅಂದನಂತೆ. ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಲಕ್ಷದ ಮಾತು ಆಮೇಲಿರಲಿ, ಲೈಸೆನ್ಸ್ ಪುಸ್ತಕ ಎಲ್ಲಿದೆ ಹೇಳು.

ಅದಕ್ಕೂ ಮೊದಲು ಅದನ್ನು ಹೆಗಲಿಗೇರಿಸಿ ಫೋಟೊ ತೆಗೆಸಿಕೊಳ್ಳುವುದನ್ನು ನಿಲ್ಲಿಸು. ತುಕ್ಕು ಹಿಡಿದಿದೆಯಲ್ಲ, ಏನಾಗುತ್ತೆ ಎಂದು ಟ್ರಿಗರ್ ಎಳೆದು ನೋಡಲೂಬೇಡ. ಒಳಗೆ ತೋಟಾ ಇಲ್ಲವೆಂದು ಬಲ್ಲವರು ಬೋಲ್ಟ್ ತೆಗೆದು ತೋರಿಸುವವರೆಗೆ ಅದು ತುಂಬಿದ ಬಂದೂಕೇ. ಸರ್ವೀಸಿನಲ್ಲಿ ಇಂಥವನ್ನೇ ಬಿಚ್ಚಿ ಜೋಡಿಸುತ್ತಿದ್ದವನು ನಾನು. ಖಾಲಿ ಅಂದುಕೊಂಡ ಬಂದೂಕಿಗೆ ನಾವು ಹೆದರುತ್ತಿದ್ದಷ್ಟು ತುಂಬಿದ ಬಂದೂಕಿಗೆ ಹೆದರುತ್ತಿರಲಿಲ್ಲ.

ದಲ್ಲಾಳಿಯ 'ಮಿಲಿಟರಿ ಮಾಲು' ಅನ್ನುವ ಮಾತಿಗೆ ಬರೋಣ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕ, ಕೆನಡಾಗಳಲ್ಲಿ ಸೈನ್ಯಕ್ಕೆ ಬೇಡವಾದ ರೈಫಲ್‌ಗಳನ್ನು ಅಂಗಡಿಗಳಲ್ಲಿ ಕೆಲವೇ ಡಾಲರಿಗೆ ಮಾರಿದರು. ಅಲ್ಲಿಯವರು ಅವನ್ನು ಇವತ್ತಿಗೂ ಗುರುತು ಹಿಡಿದು, ಬೆಲೆ ಕಟ್ಟಿ, ಕೂಡಿಡುತ್ತಾರೆ. ನಮ್ಮಲ್ಲಿ ಹಾಗಾಗಲಿಲ್ಲ. ಸೈನ್ಯ ಕೆಳಗಿಟ್ಟ ತ್ರೀ ನಾಟ್ ತ್ರೀ, ಅಂದರೆ .303 ರೈಫಲ್, ಪೊಲೀಸರ ಹೆಗಲಿಗೆ ಹೋಯಿತು, ಹೋಂ ಗಾರ್ಡ್‌ಗೆ ಹೋಯಿತು, ಎನ್‌ಸಿಸಿ ಹುಡುಗರ ಡ್ರಿಲ್ಲಿಗೆ ಬಂತು. ಉತ್ತರ ಪ್ರದೇಶದ ಪೊಲೀಸರು ಅದನ್ನು ಬೀಳ್ಕೊಟ್ಟಿದ್ದು 2020ರ ಗಣರಾಜ್ಯೋತ್ಸವದ ದಿನ. ಅಂದರೆ ನಮ್ಮ ದೇಶದಲ್ಲಿ ಅದು ಸಂತೆಗೆ ಬಂದ ಸರಕೇ ಅಲ್ಲ. ಹಾಗಾಗಿ ನಿಮ್ಮ ಅಟ್ಟದಲ್ಲಿರುವುದು ನಿಜವಾಗಿಯೂ ಮಿಲಿಟರಿ ಮಾಲೇ ಆಗಿದ್ದರೆ ಹಿಗ್ಗುವ ವಿಷಯವಲ್ಲ.

ಅದು ಯಾವ ಮಾಲು ಎಂದು ತಿಳಿಯಲು ಮೊದಲು ಗುರುತು ಓದು. ಬೋಲ್ಟಿನ ಹಿಡಿ ಇದೆಯಲ್ಲ, ಅದರ ಹಿಂದೆ ಮರದ ಬಟ್ಟು ಕೂಡುವ ಕಡೆ ಕಬ್ಬಿಣದ ಒಂದು ಪಟ್ಟಿ ಇರುತ್ತದೆ. ಬಂದೂಕಿನ ಜಾತಕ ಇರುವುದು ಅದರ ಬಲಮಗ್ಗುಲಲ್ಲಿ. ಮೇಲೆ ಕಿರೀಟ, ಕೆಳಗೆ ದೊರೆಯ ಹೆಸರಿನ ಮೊದಲಕ್ಷರಗಳು, ಜಿ.ಆರ್.ಐ. ಎಂದಿದ್ದರೆ ಜಾರ್ಜ್ ದೊರೆಯ ಕಾಲದಲ್ಲಿ ಇಂಡಿಯಾದಲ್ಲಿ ತಯಾರಾದದ್ದು. ಅದರ ಕೆಳಗೆ ಕಾರ್ಖಾನೆ: ಬಂಗಾಳದ ಇಷಾಪುರವೋ, ಇಂಗ್ಲೆಂಡಿನ ಎನ್‌ಫೀಲ್ಡೋ, ಬಿ.ಎಸ್.ಎ.ಯೋ, ಆಸ್ಟ್ರೇಲಿಯಾದ ಲಿತ್‌ಗೋವೋ. ಆಮೇಲೆ ಇಸವಿ. ಕೊನೆಯಲ್ಲಿ ಮೂರು ಗೀಟಿನ ರೋಮನ್ ಅಂಕಿ. ಅದು 1907ರಲ್ಲಿ ಬಂದ ಮಾದರಿ. ಗೀಟಿನ ಪಕ್ಕ ನಕ್ಷತ್ರವಿದ್ದರೆ ಮೊದಲ ಮಹಾಯುದ್ಧದ ಗಡಿಬಿಡಿಯಲ್ಲಿ ಒಂದೆರಡು ಭಾಗ ಕಳಚಿ ಸರಳ ಮಾಡಿದ್ದು. ಸ್ವಾತಂತ್ರ್ಯ ಬಂದಮೇಲೆ ಕಿರೀಟ ಹೋಗಿ ಅಶೋಕನ ಸಿಂಹ ಬಂತು, ಇಷಾಪುರ ರೈಫಲ್ ಫ್ಯಾಕ್ಟರಿಯ ಆರ್.ಎಫ್.ಐ. ಎಂಬ ಅಕ್ಷರ ಬಂತು. ಡಿ.ಪಿ. ಎಂದು ಒತ್ತಿದ್ದರೆ ಬರೀ ಡ್ರಿಲ್ಲಿಗೆ ಇಟ್ಟಿದ್ದು, ಗುಂಡು ಹಾರಿಸಲು ಯೋಗ್ಯವಲ್ಲ.

ಇಸವಿಯನ್ನು ಸರಿಯಾಗಿ ನೋಡು, ಅದಕ್ಕೆ ಕಾರಣವಿದೆ. ನಮ್ಮ ಕುಣಿಗಲ್ ಕಡೆ ಕುದುರೆ ಫಾರಂ ಇದೆಯೆಂಬ ಒಂದೇ ಹೆಮ್ಮೆಗೆ ಪ್ರತಿ ಹಳೇ ಬಂದೂಕೂ ಮೈಸೂರು ಲ್ಯಾನ್ಸರ್ಸ್‌ದೇ, ಪ್ರತಿ ತಾತನೂ ಹೈಫಾದಲ್ಲಿ ಕುದುರೆ ಏರಿದವನೇ! ಮೈಸೂರು ಲ್ಯಾನ್ಸರ್ಸ್ ಕುದುರೆ ದಂಡು ಕಾದಿದ ಹೈಫಾ ಕಾಳಗ ನಡೆದದ್ದು 1918ರ ಸೆಪ್ಟೆಂಬರ್ 23ರಂದು. ಕಬ್ಬಿಣದ ಮೇಲೆ 1943 ಎಂದಿದ್ದರೆ ಆ ಕಥೆಯನ್ನು ಮೊಮ್ಮಕ್ಕಳಿಗೆ ಹೇಳಿಕೋ, ಗಿರಾಕಿಗೆ ಹೇಳಬೇಡ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು ಬೋರು, ಅಂದರೆ ನಳಿಗೆಯ ಒಳಅಗಲ. ಸೈನ್ಯದ ತೋಟಾ ಜನರ ಕೈಗೆ ಸಿಗಬಾರದೆಂದು ಬ್ರಿಟಿಷರ ಕಾಲದಲ್ಲೇ .303 ಬೋರನ್ನು ಸಾಮಾನ್ಯರಿಗೆ ನಿಷೇಧಿಸಿದ್ದರು. ಇವತ್ತಿಗೂ ಅದು ನಿಷೇಧಿತ ಬೋರೇ. ಲೈಸೆನ್ಸ್ ಸಿಗುತ್ತಿದ್ದದ್ದು .315ಕ್ಕೆ. ಬಿ.ಎಸ್.ಎ. ಅದನ್ನು ಮಾಡಿ ಕಳಿಸುತ್ತಿತ್ತು, ಆಮೇಲೆ ಇಷಾಪುರದಲ್ಲೇ ತಯಾರಾಯಿತು. ದೂರದಿಂದ ಎರಡೂ ಅಣ್ಣತಮ್ಮಂದಿರ ಹಾಗೆ: ಅದೇ ಬೋಲ್ಟು, ಅದೇ ಮೈಕಟ್ಟು. ಮಿಲಿಟರಿಯದಕ್ಕೆ ನಳಿಗೆಯ ಬಾಯಿಯವರೆಗೂ ಮರ ಹೊದಿಸಿರುತ್ತದೆ, ತುದಿಯಲ್ಲಿ ಬಯೊನೆಟ್ ಸಿಕ್ಕಿಸುವ ಗುಬಟು, ಬಟ್ಟಿನ ಹಿತ್ತಾಳೆ ತಗಡಿನಲ್ಲಿ ಎಣ್ಣೆ ಬುಡ್ಡಿ ಇಡುವ ಪುಟ್ಟ ಬಾಗಿಲು. .315ಕ್ಕೆ ಸಾಮಾನ್ಯವಾಗಿ ಮರ ಅರ್ಧಕ್ಕೇ ನಿಲ್ಲುತ್ತದೆ. ಆದರೆ ಮರವನ್ನು ಯಾವ ಬಡಗಿಯೂ ಕೊಯ್ಯಬಹುದು, ಅದನ್ನು ನಂಬಬೇಡ. ನಳಿಗೆಯ ಬುಡದಲ್ಲಿ ಒತ್ತಿರುವ ಅಂಕಿ ನೋಡು. ಅದು .315 ಅಥವಾ 8 ಎಂ.ಎಂ. ಎಂದಿದ್ದು ಲೈಸೆನ್ಸ್ ಪುಸ್ತಕದಲ್ಲೂ ಅದೇ ಅಂಕಿ, ಅದೇ ನಂಬರ್ ಇದ್ದರೆ ಉಸಿರಾಡು.

'ಕೆಟ್ಟುಹೋದ ಹಳೇ ಬಂದೂಕಿಗೆ ಲೈಸೆನ್ಸ್ ಯಾಕೆ ಮಾವ?' ಅಂತೀಯ. 1959ರ ಆಯುಧ ಕಾಯ್ದೆಯಲ್ಲಿ ಹಳೆಯ, ಕೆಟ್ಟ ಆಯುಧಕ್ಕೆ ವಿನಾಯಿತಿ ಇರುವುದು ನಿಜ. ಆದರೆ ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದಂತಿರಬೇಕು ಎಂಬುದು ಅದರ ಷರತ್ತು. ತುಕ್ಕು ರಿಪೇರಿ ಆಗುತ್ತದಪ್ಪ! ಕೊಡಗಿನವರಿಗಿರುವ ವಿನಾಯಿತಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ; ಗುಬ್ಬಿಯ ತೆಂಗಿನ ತೋಟದವರಿಗಲ್ಲ. 2019ರ ತಿದ್ದುಪಡಿಯ ನಂತರ ಲೈಸೆನ್ಸಿಲ್ಲದ ಸಾಮಾನ್ಯ ಬಂದೂಕಿಗೆ ಎರಡರಿಂದ ಐದು ವರ್ಷ, ನಿಷೇಧಿತ ಬೋರಿಗೆ ಏಳರಿಂದ ಹದಿನಾಲ್ಕು ವರ್ಷ ಜೈಲು. ಬಂದೂಕು ಬಿಡು, ಟ್ರಂಕಿನ ಮೂಲೆಯಲ್ಲಿ ಬರೀ ತೋಟಾ ಸಿಕ್ಕರೂ ಕೇಸೇ.

ತಾತ ತೀರಿಹೋದ ದಿನವೇ ಅವರ ಲೈಸೆನ್ಸೂ ಅವರ ಜೊತೆ ಹೋಯಿತೆಂದು ತಿಳಿ. ಬಂದೂಕನ್ನು ತಡಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲೋ ಠೇವಣಿ ಇಟ್ಟು ರಸೀದಿ ಪಡೆಯಬೇಕು. ಅದನ್ನು ಹೊತ್ತುಕೊಂಡು ಬಸ್ ಹತ್ತಬೇಡ. ಮೊದಲು ಠಾಣೆಗೆ ಹೋಗಿ ಬರವಣಿಗೆಯಲ್ಲಿ ತಿಳಿಸು, ಅವರು ಹೇಳಿದಂತೆ ಮಾಡು. ವಾರಸುದಾರನಾಗಿ ನಿನ್ನ ಹೆಸರಿಗೆ ಲೈಸೆನ್ಸ್ ಕೇಳಿ ತುಮಕೂರಿನ ಡಿ.ಸಿ. ಕಚೇರಿಗೆ ಅರ್ಜಿ ಹಾಕಬಹುದು, ಅಥವಾ ಲೈಸೆನ್ಸ್ ಇರುವವರಿಗೆ ಮಾರಬಹುದು. ಠೇವಣಿ ಇಟ್ಟು ಮರೆತರೆ ಅವಧಿ ಮುಗಿದ ಮೇಲೆ ಸರ್ಕಾರಕ್ಕೆ ಜಪ್ತಿಯಾಗುತ್ತದೆ, ಆಮೇಲೆ ಬಾಯಿ ಬಡಿದುಕೊಂಡರೂ ಬರುವುದಿಲ್ಲ. ಲೈಸೆನ್ಸ್ ಸಿಕ್ಕರೂ ಹಂದಿ ಹೊಡೆಯುವ ಕನಸು ಬೇಡ, ಅದು ಅರಣ್ಯ ಇಲಾಖೆಯ ಲೆಕ್ಕ.

ಬೆಲೆ ಕೇಳಿದೆಯಲ್ಲ. ಅದು .303 ಆಗಿದ್ದರೆ ಬೆಲೆ ಸೊನ್ನೆ, ಕೊಳ್ಳುವ ಹಕ್ಕೇ ಸಾಮಾನ್ಯರಿಗೆ ಇಲ್ಲ. .315 ಆಗಿದ್ದರೆ ನಳಿಗೆಯೊಳಗಿನ ಸುರುಳಿಗೀರು ಸವೆದಿದೆಯೇ, ಗುಳಿ ಬಿದ್ದಿದೆಯೇ, ಎಲ್ಲಾದರೂ ಉಬ್ಬಿದೆಯೇ ಎಂಬುದರ ಮೇಲೆ ಹೋಗುತ್ತದೆ. ಬೋಲ್ಟಿನ ಮೇಲಿನ ನಂಬರೂ ಮೈಮೇಲಿನ ನಂಬರೂ ಒಂದೇ ಆಗಿರಬೇಕು; ಬೇರೆಯಾದರೆ ಯಾವುದೋ ಬಂದೂಕಿನ ಬೋಲ್ಟ್ ಯಾವುದಕ್ಕೋ ಸೇರಿದೆ, ಹಾರಿಸುವವನ ಮುಖಕ್ಕೇ ಅಪಾಯ. 80ರ ದಶಕದಿಂದ ವಿದೇಶಿ ಬಂದೂಕಿನ ಆಮದು ಹೆಚ್ಚುಕಡಿಮೆ ನಿಂತೇಹೋಗಿರುವುದರಿಂದ ಇಂಗ್ಲೆಂಡಿನ ಹೆಸರಿದ್ದರೆ ಇಷಾಪುರದ್ದಕ್ಕಿಂತ ಹೆಚ್ಚು ಕೇಳುತ್ತಾರೆ. ದಯವಿಟ್ಟು ಉಪ್ಪುಕಾಗದ ಹಾಕಿ ಉಜ್ಜಬೇಡ. ಅಕ್ಷರ ಅಳಿಸಿದರೆ ಬೆಲೆಯೂ ಅಳಿಸುತ್ತದೆ, ಮೇಲಾಗಿ ನಂಬರ್ ಬೇಕೆಂದೇ ಕೆರೆದಿದ್ದಾನೆಂದು ಪೊಲೀಸರು ಅನುಮಾನಪಡುತ್ತಾರೆ. ಮಾರುವುದಾದರೂ ವಾಟ್ಸಾಪಿನಲ್ಲಿ ಫೋಟೊ ಹರಿಬಿಟ್ಟಲ್ಲ. ಕೊಳ್ಳುವವನ ಹೆಸರು ಡಿ.ಸಿ.ಗೋ ಠಾಣೆಗೋ ತಿಳಿಸಿ 45 ದಿನ ಕಾಯಬೇಕು. ನಿಮ್ಮ ದಲ್ಲಾಳಿ ಇದನ್ನು ಹೇಳಿದನೇ?

ಲೈಸೆನ್ಸ್ ಪುಸ್ತಕ ಸಿಗದಿದ್ದರೆ ತಾತನ ಕಾಗದದ ಪೆಟ್ಟಿಗೆ ಜಾಲಾಡು. ಪ್ರತಿ ಚುನಾವಣೆಗೂ ಬಂದೂಕು ಠಾಣೆಗೆ ಒಪ್ಪಿಸಬೇಕಿತ್ತಲ್ಲ, ಅದರ ರಸೀದಿ ಒಂದಾದರೂ ಇದ್ದೀತು. ಅದರಲ್ಲಿ ನಂಬರೂ ಬೋರೂ ಇದ್ದರೆ ಡಿ.ಸಿ. ಕಚೇರಿಯ ಹಳೇ ರಿಜಿಸ್ಟರಿನಲ್ಲಿ ಹುಡುಕಿಸಬಹುದು. ತಾತನ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ನಿನ್ನ ಚಿಕ್ಕಪ್ಪಂದಿರ ಒಪ್ಪಿಗೆ ಪತ್ರ ಇಷ್ಟು ಜೋಡಿಸಿಟ್ಟುಕೊಂಡು ನನಗೆ ಫೋನ್ ಮಾಡು, ಠಾಣೆಗೆ ನಾನೂ ಬರುತ್ತೇನೆ. ಅಲ್ಲಿಯವರೆಗೆ ಬಂದೂಕು ಇರುವ ಕೋಣೆಗೆ ಬೀಗ ಹಾಕಿ, ಬೀಗದ ಕೈ ನಿಮ್ಮಮ್ಮನ ಹತ್ತಿರ ಇರಲಿ.